ಗಾಡಬೀರನ ಗುಡ್ಡ

ಎರೆಹೊಸೂರಿನಿಂದ ತೆಂಕಣ ದಿಕ್ಕಿಗೆ ಹೊರಟು, ಊರ ಕೊನೆಯ ಕಣವನ್ನು ದಾಟಿದ ಮೇಲೆ, ಕಪ್ಪು ಹೊಲಗಳ ನಡುವೆ ಒಂದೇ ಒಂದು ಕೆಂಪು ಗುಡ್ಡ ಕಾಣುತ್ತದೆ. ಅದು ಅಂಥ ಎತ್ತರದ ಗುಡ್ಡವೇನಲ್ಲ. ಆದರೆ ಸುತ್ತಲಿನ ನೆಲವೆಲ್ಲ ಹಾಸಿದ ಕಂಬಳಿಯಂತೆ ಮಟ್ಟಸವಾಗಿರುವುದರಿಂದ, ಗದಗಿನ ಕಡೆಯಿಂದ ಬರುವವರಿಗೂ ಹೊಳೆಯ ಕಡೆಯಿಂದ ಬರುವವರಿಗೂ ಅದು ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ನೆತ್ತಿಯ ಮೇಲೆ ಬೀರಪ್ಪನ ಗುಡಿಯಿದೆ. ಅದರ ಮುಂದಿನ ಕಮಾನಿನ ಮೇಲೆ ಈಚೆಗೆ ಯಾರೋ ಭಕ್ತರು ‘ಶ್ರೀ ಗಾಡಿಬೀರೇಶ್ವರ ಪ್ರಸನ್ನ’ ಎಂದು ಹಳದಿ ಬಣ್ಣದಲ್ಲಿ ಬರೆಸಿದ್ದಾರೆ. ಕುರುಬರ ಮನೆತನಗಳು ಅಮಾವಾಸ್ಯೆಗೆ ಬಂದು ಭಂಡಾರ ಹಾರಿಸುತ್ತವೆ. ಹೊಸದಾಗಿ ಬಂದವರು ಹೆಸರಿನ ಅರ್ಥ ಕೇಳಿದರೆ, ಬೀರಪ್ಪ ಗಾಡಿಯಲ್ಲಿ ಕುಳಿತು ಬಂದನೆಂದೂ, ಗುಡ್ಡದ ಮೇಲೆ ಅಚ್ಚು ಮುರಿದದ್ದರಿಂದ ಇಲ್ಲಿಯೇ ನಿಂತನೆಂದೂ ಹೇಳುವವರಿದ್ದಾರೆ. ಬಂಡೆಯ ಮೇಲೆ ಗಾಲಿಯ ಗುರುತನ್ನೂ ತೋರಿಸುತ್ತಾರೆ. ಅದು ಗಡ್ಡಬೀರ, ಗಡ್ಡ ಬಿಟ್ಟ ಬೀರಪ್ಪ ಎನ್ನುವವರೂ ಇದ್ದಾರೆ.

ಎರೆಹೊಸೂರಿನ ಹಳಬರು ಈ ಮಾತುಗಳನ್ನು ಅಲ್ಲಗಳೆಯುವುದಿಲ್ಲ, ಒಪ್ಪುವುದೂ ಇಲ್ಲ. ಗುಡಿ ಕಟ್ಟಿದ್ದು ಆಮೇಲೆ, ಗುಡ್ಡಕ್ಕೆ ಹೆಸರು ಬಂದದ್ದು ಅದಕ್ಕಿಂತ ಮೊದಲು ಎಂದಷ್ಟೇ ಹೇಳುತ್ತಾರೆ. ಕುಳಿತು ಕೇಳುವ ತಾಳ್ಮೆ ಉಳ್ಳವರಿಗೆ ಮಾತ್ರ ಮುಂದಿನದನ್ನು ಹೇಳುತ್ತಾರೆ. ಆ ಹೆಸರು ಮೊದಲು ಒಬ್ಬ ಪರದೇಶಿ ಮನುಷ್ಯನ ಮನೆತನದ ಹೆಸರಾಗಿತ್ತಂತೆ. ಅವನ ಸೀಮೆಯಲ್ಲಿಯೂ ಅಂಥ ಹೆಸರಿನವರು ಬೆರಳೆಣಿಕೆಯ ಮಂದಿಯಂತೆ. ಆ ಹೆಸರು ಈ ಗುಡ್ಡಕ್ಕೆ ಅಂಟಿದ್ದು ಮಾತ್ರ ಅವನಿಂದಲ್ಲ, ಫಕೀರವ್ವ ಎಂಬ ಕುರುಬರ ಹೆಣ್ಣುಮಗಳಿಂದ ಎನ್ನುತ್ತಾರೆ.

ಈ ಸೀಮೆಗೆ ಮೊದಲ ಸಲ ಪ್ಲೇಗು ಬಂದ ಕಾಲವದು. ಸುಗ್ಗಿ ಮುಗಿಯುವ ಹೊತ್ತಿಗೆ ಎರೆಹೊಸೂರಿನಲ್ಲಿ ಇಲಿ ಬಿದ್ದವು. ಮೊದಲು ಗೌಡರ ಜೋಳ ತುಂಬಿದ ಹಗೇವಿನ ಹತ್ತಿರ, ಆಮೇಲೆ ಓಣಿ ಓಣಿಯಲ್ಲಿ. ಅದರ ಹಿಂದೆಯೇ ಮನುಷ್ಯರಿಗೆ ಜ್ವರ ಬಂದು, ಕಂಕುಳಲ್ಲಿ ತೊಡೆಸಂದಿಯಲ್ಲಿ ಗಡ್ಡೆ ಎದ್ದು, ನಿನ್ನೆ ರಾಶಿ ಮಾಡಿದವರು ಇಂದು ಚಟ್ಟದ ಮೇಲೆ ಮಲಗಿದರು. ಫಕೀರವ್ವನ ಗಂಡ ಹಾಲಪ್ಪ ಕುರಿ ಹೊಡೆದುಕೊಂಡು ತುಂಗಭದ್ರೆಯ ಆಚೆಗೆ ಹೋಗಿದ್ದ. ಮೊದಲ ಮಳೆ ಬೀಳುವವರೆಗೆ ಅವನು ಬರುವವನಲ್ಲ, ಅವನಿಗೆ ಸುದ್ದಿ ಮುಟ್ಟಿಸುವ ದಾರಿಯೂ ಇರಲಿಲ್ಲ. ಮನೆಯಲ್ಲಿ ಇದ್ದವರು ಅವಳು ಮತ್ತು ಮಗಳು ಲಗಮವ್ವ. ಲಗಮವ್ವನಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುತ್ತಿದ್ದ ವಯಸ್ಸು. ಮೊದಲು ಎರಡು ಕೂಸುಗಳನ್ನು ಕಳೆದುಕೊಂಡು, ಬೀರಪ್ಪನಿಗೆ ಹರಕೆ ಹೊತ್ತು ಪಡೆದ ಮಗಳು ಅವಳು.

ಪಟ್ಟಣದಿಂದ ಡಾಕ್ಟರು, ಪೊಲೀಸರು ಬಂದರು. ಊರು ಖಾಲಿ ಮಾಡಬೇಕೆಂದು ಡಂಗುರ ಹೊಡೆಸಿದರು. ಹಾಸಿಗೆ ಹೊದಿಕೆಗಳನ್ನು ಸುಡಿಸಿ, ಗೋಡೆಗಳಿಗೆ ಸುಣ್ಣ ಬಳಿಸಿ, ಉಳಿದ ಜನರನ್ನೆಲ್ಲ ಈ ಕೆಂಪು ಗುಡ್ಡದ ಇಳಿಜಾರಿಗೆ ಹತ್ತಿಸಿದರು. ಅಲ್ಲಿ ಜೋಳದ ದಂಟಿನ ಗುಡಿಸಲು ಹಾಕಿಕೊಟ್ಟು, ಸುತ್ತಲೂ ಕಾರೆಮುಳ್ಳಿನ ಬೇಲಿ ಎಳೆದು, ಒಂದೇ ಒಂದು ಬಾಗಿಲು ಬಿಟ್ಟರು. ರೋಗ ಸುತ್ತಲಿನ ಊರುಗಳಿಗೆ ಹರಡಬಾರದು, ಆದ್ದರಿಂದ ಒಳಗಿನವರು ಹೊರಗೆ ಹೋಗಕೂಡದು ಎಂದು ಮೇಲಿನಿಂದ ಹುಕುಂ ಆಗಿತ್ತು. ಬಾಗಿಲು ಕಾಯಲು ಒಬ್ಬ ಬಿಳಿಯನನ್ನು ಕೂರಿಸಿದರು. ಅವನು ಹಿಂದೆ ಇಂಗ್ಲಿಷರ ಪಲ್ಟಣಿನಲ್ಲಿ ಸಿಪಾಯಿಯಾಗಿದ್ದವನು, ನರೆತ ಗಡ್ಡದವನು. ಪಲ್ಟಣು ತನ್ನ ದೇಶಕ್ಕೆ ಮರಳಿದಾಗ ಅಲ್ಲಿ ತನಗೆ ಯಾರೂ ಇಲ್ಲವೆಂದು ಇಲ್ಲಿಯೇ ಉಳಿದವನು. ಬೇಲಿಯ ಹೊರಗಿನ ಬೇವಿನ ಗಿಡದ ಕೆಳಗೆ ಬಂದೂಕು ಹಿಡಿದು ಕೂರುತ್ತಿದ್ದ, ಅಲ್ಲಿಯೇ ಬೇಯಿಸಿಕೊಂಡು ತಿನ್ನುತ್ತಿದ್ದ. ಒಳಗೆ ಒಂದು ಸಲವೂ ಕಾಲಿಟ್ಟವನಲ್ಲ. ಜನ ಅವನ ಹೆಸರು ಕೇಳುವ ಗೋಜಿಗೆ ಹೋಗದೆ ‘ಬಾಗಿಲ ಸಾಹೇಬ’ ಎಂದು ಕರೆಯುತ್ತಿದ್ದರು. ಒಳಗೆ ಔಷಧ ಕೊಡಲು ಯೋನಪ್ಪ ಎಂಬ ಕಂಪೌಂಡರನಿದ್ದ. ಬೆಟಗೇರಿಯ ಮಿಶನ್ನಿನಲ್ಲಿ ಬೆಳೆದ ಅವನಿಗೆ ಇಂಗ್ಲಿಷ್ ಬರುತ್ತಿದ್ದುದರಿಂದ, ಸಾಹೇಬನ ಮಾತು ಜನರಿಗೂ ಜನರ ಮಾತು ಸಾಹೇಬನಿಗೂ ಅವನ ಬಾಯಿಂದಲೇ ತಲುಪಬೇಕಾಗಿತ್ತು.

ಗುಡ್ಡದ ಮೇಲೆ ನೀರಿಲ್ಲ, ಬಿಟ್ಟುಬಂದ ಊರಿನ ಬಾವಿಯೂ ಬತ್ತಿತ್ತು. ಕೆಳಗೆ ಒಣಗಿದ ಹಳ್ಳದ ಆಚೆ ತೆಗ್ಗಿನಹಾಳ ಎಂಬ ಊರಿನ ಕಲ್ಲುಬಾವಿಯಿಂದ ಪೀಪಾಯಿಯಲ್ಲಿ ತುಂಬಿ ಗಾಡಿಯ ಮೇಲೆ ತರಿಸುತ್ತಿದ್ದರು. ಮೊದಮೊದಲು ಎಲ್ಲವೂ ಸರಿಯಾಗಿಯೇ ನಡೆಯಿತು. ಆಮೇಲೆ ಡಾಕ್ಟರು ಔಷಧ ತರುತ್ತೇನೆಂದು ಪಟ್ಟಣಕ್ಕೆ ಹೋದವರು ಬರಲೇ ಇಲ್ಲ. ಅವರೂ ಅದೇ ರೋಗದಿಂದ ತೀರಿಕೊಂಡಿದ್ದರೆಂಬುದು ಬಹಳ ದಿನಗಳ ನಂತರ ತಿಳಿಯಿತು. ಪೊಲೀಸರು ಒಬ್ಬೊಬ್ಬರಾಗಿ ಮಾಯವಾದರು. ಕೊನೆಗೆ ಒಂದು ಮಧ್ಯಾಹ್ನ ಗಾಡಿಯವನು ಎತ್ತುಗಳ ಕೊರಳ ಹಗ್ಗ ಬಿಚ್ಚಿ, ಗಾಡಿಯನ್ನು ಬಾಗಿಲ ಮುಂದೆಯೇ ಬಿಟ್ಟು, ಎತ್ತು ಹೊಡೆದುಕೊಂಡು ಹೊರಟುಹೋದ. ಹೋಗುವಾಗ ಹಿಂದಿರುಗಿ ನೋಡಲಿಲ್ಲವಂತೆ. ಅಂದಿನಿಂದ ಪೀಪಾಯಿಯ ತಳದಲ್ಲಿದ್ದ ನೀರನ್ನು ಗುಟುಕು ಗುಟುಕಾಗಿ ಹಂಚಿಕೊಂಡರು. ಅದೂ ಮುಗಿಯಿತು. ಬಿಸಿಲೋ, ಬೇಸಿಗೆಯ ಬಿಸಿಲು. ಜ್ವರ ಬಂದವರು ನೀರು ನೀರು ಎಂದು ಕನವರಿಸುತ್ತ ಗುಡಿಸಲಿನ ದಂಟು ಜಗಿಯುತ್ತಿದ್ದರು. ಗಟ್ಟಿಮುಟ್ಟಾಗಿದ್ದ ಒಬ್ಬ ತರುಣ ಬೇಲಿ ಹಾರಿ ಕೊಡ ಹಿಡಿದು ಹಳ್ಳಕ್ಕೆ ಇಳಿದ. ತೆಗ್ಗಿನಹಾಳದವರು ದಂಡೆಯ ಮೇಲೆ ಕವಣೆ ಹಿಡಿದು ನಿಂತಿದ್ದರು. ಅವರಿಗೆ ಅವರ ಮಕ್ಕಳ ಚಿಂತೆ. ತಲೆಯೊಡೆದುಕೊಂಡು ಮರಳಿದ ಆ ತರುಣ ಸಂಜೆಯಾಗುವುದರೊಳಗೆ ಜೀವ ಬಿಟ್ಟ. ಆಮೇಲೆ ಯಾರೂ ಇಳಿಯುವ ಧೈರ್ಯ ಮಾಡಲಿಲ್ಲ.

ಅದೇ ಹೊತ್ತಿಗೆ ಲಗಮವ್ವನಿಗೆ ಜ್ವರ ಬಂತು. ಫಕೀರವ್ವ ಅವಳನ್ನು ಕಂಬಳಿಯ ಮೇಲೆ ಮಲಗಿಸಿ, ತನ್ನ ಸೀರೆಯ ಸೆರಗಿನಿಂದ ಗಾಳಿ ಹಾಕುತ್ತ, ತಾನು ಬಲ್ಲ ದೇವರನ್ನೆಲ್ಲ ಕರೆದಳು. ಬೀರಪ್ಪನನ್ನು ಕರೆದಳು, ಮಾಳವ್ವನನ್ನು ಕರೆದಳು, ದುರಗವ್ವನನ್ನು ಕರೆದಳು. ಹೊಳೆಯಾಚೆ ಕುರಿಯ ಹಿಂದೆ ನಡೆಯುತ್ತಿದ್ದ ಗಂಡನನ್ನೂ ಕರೆದಳು. ಕೂಸಿನ ನಾಲಗೆ ಒಣಗಿ ತೊಗಲಿನಂತಾಗಿತ್ತು. ಬಾಗಿಲ ಸಾಹೇಬ ಹಿಂದಿನ ದಿನ ತನ್ನ ಚರ್ಮದ ಚೀಲದಲ್ಲಿ ಉಳಿದಿದ್ದ ನೀರನ್ನು ಬೇಲಿಯ ಮೇಲಿಂದ ಯೋನಪ್ಪನ ಕೈಗೆ ಕೊಟ್ಟಿದ್ದ. ಅದು ಎಳೆಕೂಸುಗಳ ಬಾಯಿಗೇ ಸಾಲಲಿಲ್ಲ. ಈಗ ಅವನ ಬಳಿಯೂ ಹನಿ ನೀರಿರಲಿಲ್ಲ. ಆದರೂ ಅವನು ಕುಳಿತಲ್ಲಿಂದ ಏಳಲಿಲ್ಲ. ಇದು ಫಕೀರವ್ವನಿಗೆ ಸಹಿಸಲಾಗಲಿಲ್ಲ. ಓಡಿಹೋಗಿದ್ದರೆ ಅವನನ್ನೂ ಉಳಿದವರಂತೆ ಮರೆತುಬಿಡುತ್ತಿದ್ದಳು. ಓಡಿಯೂ ಹೋಗದೆ, ಒಳಗೂ ಬಾರದೆ, ಅವರು ಸಾಯುವುದನ್ನು ನೋಡುತ್ತ ಕುಳಿತವನನ್ನು ಏನೆಂದು ತಿಳಿಯಬೇಕು?

ನೆತ್ತಿಯ ಮೇಲೆ ಹೊತ್ತು ಇದ್ದಾಗ ಅವಳು ಯೋನಪ್ಪನನ್ನು ಕರೆದುಕೊಂಡು ಬಾಗಿಲಿಗೆ ಬಂದಳು. ಬಾಗಿಲು ತೆರೆ, ನಾನು ನೀರಿಗೆ ಹೋಗುತ್ತೇನೆ ಎಂದಳು. ಸಾಹೇಬ ತಲೆಯಲ್ಲಾಡಿಸಿದ. ಹೋದರೆ ಅವರು ಕಲ್ಲು ಬೀರಿ ಕೊಲ್ಲುತ್ತಾರೆ, ಕೊಲ್ಲದಿದ್ದರೆ ರೋಗ ಆ ಊರಿಗೂ ಹೊಗುತ್ತದೆ, ಹುಕುಂ ಮೀರುವುದು ತನ್ನ ಕೈಯಲ್ಲಿಲ್ಲ ಎಂದು ಹೇಳಿಸಿದ. ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ. ಫಕೀರವ್ವ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಹೆಸರು ಹೇಳಿ ಮಣ್ಣು ತೂರಿದರೆ ಆ ಮನೆತನ ಮಣ್ಣುಗೂಡುತ್ತದೆಂಬುದು ಆ ಕಡೆಯ ಹೆಂಗಸರ ನಂಬಿಕೆ. ಬೇರೆ ಎಲ್ಲ ದಾರಿ ಮುಚ್ಚಿದಾಗ ಮಾತ್ರ ಅವರು ಆ ಕೆಲಸಕ್ಕೆ ಕೈಹಾಕುತ್ತಾರೆ.

“ನಿನ್ನ ಹೆಸರು ಹೇಳು,” ಎಂದಳು. “ನನ್ನ ಕೂಸು ನೀರಿಲ್ಲದ ಸತ್ರ ಯಾರ ಹೆಸರಿಲೆ ಮಣ್ಣು ತೂರಬೇಕು ಅನ್ನೂದು ನನಗ ಗೊತ್ತಿರಬೇಕು.”

ಯೋನಪ್ಪ ಹಿಂದೆಮುಂದೆ ನೋಡಿದ. ಆಮೇಲೆ ಇದ್ದದ್ದನ್ನು ಇದ್ದಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದ. ಮುದುಕ ಸಿಟ್ಟಾಗಲಿಲ್ಲ. ಮಣ್ಣು ಹಿಡಿದ ಆ ಮುಷ್ಟಿಯನ್ನೇ ಸ್ವಲ್ಪ ಹೊತ್ತು ನೋಡಿ, ಎನೋಕ್ ಎಂದ. ಅಷ್ಟೇ ಸಾಲದು, ಮನೆತನದ ಹೆಸರೂ ಬೇಕು ಎಂದಳು ಫಕೀರವ್ವ. ಅವನು ತಡೆದು ತಡೆದು ‘ಗಾಡ್‌ಬಿಹಿಯರ್’ ಎಂದ. ಆ ಹೆಸರನ್ನು ಅವನು ಬಾಯಿಬಿಟ್ಟು ಹೇಳಿ ವರ್ಷಗಳೇ ಆಗಿದ್ದವಂತೆ. ಅದೆಂಥ ಹೆಸರು ಎಂದು ಅವಳು ಯೋನಪ್ಪನ ಕಡೆ ತಿರುಗಿದಳು. ಯೋನಪ್ಪ ಅಲ್ಲಿಯತನಕ ಅವನನ್ನು ಸರ್ ಎಂದು ಕರೆದವನೇ ಹೊರತು ಹೆಸರು ಕೇಳಿದವನಲ್ಲ. ತನ್ನ ಬಾಯಲ್ಲಿಯೇ ಒಮ್ಮೆ ಬಿಡಿಸಿ ಬಿಡಿಸಿ ಅಂದುಕೊಂಡು ನೋಡಿದ.

“ಫಕೀರವ್ವಾ, ಇವರ ಮಾತಿನ್ಯಾಗ ಅದರ ಅರ್ಥ, ದೇವರು ಇಲ್ಲಿರಲಿ ಅಂತ.”

ಅವಳ ಕೈ ಎತ್ತಿದಲ್ಲಿಯೇ ನಿಂತಿತು. ದೇವರು ಇಲ್ಲಿರಲಿ ಎಂಬ ಮಾತಿನ ಮೇಲೆ ಮಣ್ಣು ತೂರುವುದು ಹೇಗೆ? ಅಷ್ಟು ದಿನಗಳಿಂದ ತಾನು ಹಗಲೂ ರಾತ್ರಿ ಕೂಗಿಕೊಂಡದ್ದಾದರೂ ಅದನ್ನೇ ಅಲ್ಲವೇ? ಮನುಷ್ಯನಿಗೆ ಅಂಥ ಹೆಸರು ಯಾಕೆ ಇಟ್ಟರು, ಕೇಳು ಎಂದು ಯೋನಪ್ಪನಿಗೆ ಹೇಳಿದಳು. ಅವಳ ದನಿ ಮೊದಲಿನಂತಿರಲಿಲ್ಲ.

ಸಾಹೇಬ ಹೇಳಲು ಮನಸ್ಸಿಲ್ಲದವನಂತೆ ಶುರುಮಾಡಿದ, ಆದರೆ ಶುರುಮಾಡಿದ ಮೇಲೆ ನಿಲ್ಲಿಸಲಿಲ್ಲ. ತನ್ನದು ಚಳಿಗಾಳಿಯ ಗುಡ್ಡಗಳ ಸೀಮೆ, ಕುರಿಗಳ ಸೀಮೆ, ಮನೆಮನೆಯಲ್ಲಿ ಉಣ್ಣೆ ನೂತು ನೇಯುವವರು ತಮ್ಮವರು ಎಂದ. ಬಹಳ ಹಿಂದೆ ಅಲ್ಲಿ, ಬೇರೆಯವರ ಹೊಸ್ತಿಲು ದಾಟುವ ಮುನ್ನ, ಈ ಮನೆಯಲ್ಲಿ ದೇವರಿರಲಿ ಎಂದು ಹೇಳಿ ಒಳಗೆ ಕಾಲಿಡುವ ಪದ್ಧತಿಯಿತ್ತಂತೆ. ತಮ್ಮ ಪೂರ್ವಿಕನೊಬ್ಬ ನೂಲು ಕೊಡುತ್ತ, ಬಟ್ಟೆ ತರುತ್ತ, ಹಳ್ಳಿಯಿಂದ ಹಳ್ಳಿಗೆ ಅಲೆಯುವವನು. ಅವನು ಆ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದನಂತೆ. ಮಕ್ಕಳು ಅವನನ್ನು ಅದೇ ಮಾತಿನಿಂದ ಕರೆದರು, ದೊಡ್ಡವರೂ ಕರೆದರು, ಅವನ ಮಕ್ಕಳಿಗೆ ಅದೇ ಮನೆತನದ ಹೆಸರಾಯಿತು. ಕಾಲ ಕಳೆದು ಆ ಪದ್ಧತಿ ಸತ್ತಿತು, ಹೆಸರು ಮಾತ್ರ ಉಳಿಯಿತು. ಈಗ ಆ ಹೆಸರಿನ ಮನೆಗಳು ಅಲ್ಲೊಂದು ಇಲ್ಲೊಂದು ಇವೆ. ಸಾಲೆಯಲ್ಲಿ ಹುಡುಗರು ಆಡಿಕೊಂಡು ನಕ್ಕರು, ಪಲ್ಟಣಿನಲ್ಲಿ ಜೊತೆಯವರು ಅದರ ಕೊನೆಯನ್ನು ತಿರುಚಿ ಬಿಯರ್ ಎಂಬ ಹೆಂಡದ ಹೆಸರು ಮಾಡಿದರು. ಆದ್ದರಿಂದ ತಾನು ಅದನ್ನು ಹೇಳುವುದನ್ನೇ ಬಿಟ್ಟೆ ಎಂದು ಮುದುಕ ಮಾತು ಮುಗಿಸಿದ.

ಫಕೀರವ್ವ ಕೈಯಲ್ಲಿದ್ದ ಮಣ್ಣನ್ನು ಕೆಳಗೆ ಸುರಿದು, ಸೀರೆಗೆ ಅಂಗೈ ಒರೆಸಿಕೊಂಡಳು.

“ಹಂಗಾರ ಅದು ಹೊರಗ ಕುಂತವನ ಹೆಸರಲ್ಲ, ಒಳಗ ಬರಾವನ ಹೆಸರು,” ಎಂದಳು. “ನೀ ಬಂದಾಗಿಂದ ಬೇಲಿ ಹೊರಗ ಕುಂತೀದಿ. ಒಂದ ಸಲ ಒಳಗ ಬಾ. ನನ್ನ ಕೂಸಿನ ಮಾರಿ ನೋಡು. ನೋಡಿ ಆಮ್ಯಾಲ ಬೇಕಾದ್ರ ಬಾಗಲಾ ಹಾಕ್ಕೋ.”

ಯೋನಪ್ಪ ಈ ಮಾತನ್ನು ಇಂಗ್ಲಿಷಿಗೆ ತಿರುಗಿಸಿದ. ಮುದುಕನ ಮುಖದ ಮೇಲೆ ಭಯ ಚೆನ್ನಾಗಿ ಕಾಣುತ್ತಿತ್ತು. ಅವನು ಹುಕುಮಿಗೆ ಹೆದರಿದ್ದು ನಿಜ, ರೋಗಕ್ಕೆ ಅದಕ್ಕಿಂತ ಹೆಚ್ಚು ಹೆದರಿದ್ದ. ಅವನೂ ಸಾಯುವ ಮನುಷ್ಯನೇ ಎಂಬುದು ಫಕೀರವ್ವನಿಗೆ ಆಗಲೇ ಮೊದಲ ಸಲ ಹೊಳೆಯಿತು. ಆದರೂ ಅವಳು ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಅವನು ಎದ್ದ, ಬಾಗಿಲ ಮುಳ್ಳು ಸರಿಸಿದ, ತಲೆಯ ಟೊಪ್ಪಿಗೆ ತೆಗೆದು ಒಳಗೆ ಬಂದ. ಗುಡಿಸಲಿನಲ್ಲಿ ಬಗ್ಗಿ ಕುಳಿತು ಲಗಮವ್ವನನ್ನು ನೋಡಿದ. ಅವಳ ಹಣೆ ಮುಟ್ಟಲು ಕೈಚಾಚಿ, ಮುಟ್ಟಲಾರದೆ, ಅವಳು ಮಲಗಿದ್ದ ಕಂಬಳಿಯ ಅಂಚನ್ನು ಎರಡು ಬೆರಳ ನಡುವೆ ಹಿಡಿದು ನೇಕಾರನ ಹಾಗೆ ಹೊಸೆದು ನೋಡಿದ. ಆಮೇಲೆ ಹಣೆಯನ್ನೂ ಮುಟ್ಟಿದ. ಹೊರಗೆ ಬಂದವನು ಬಂದೂಕನ್ನು ಬೇಲಿಗೆ ನೇತುಹಾಕಿ, ನೆಟ್ಟಗೆ ಗಾಡಿಯ ಹತ್ತಿರ ಹೋಗಿ, ನೊಗವನ್ನು ಎತ್ತಿ ತನ್ನ ಹೆಗಲ ಮೇಲೆ ಇಟ್ಟುಕೊಂಡ.

ನೊಗದ ಇನ್ನೊಂದು ಕಡೆಗೆ ಫಕೀರವ್ವ ಹೆಗಲು ಕೊಟ್ಟಳು. ಲಗಮವ್ವನ ಹತ್ತಿರ ಕೂರಲು ಯೋನಪ್ಪ ಒಪ್ಪಿಕೊಂಡ. ಕಾಲಲ್ಲಿ ತ್ರಾಣವಿದ್ದ ಕೆಲವರು ಹಿಂದಿನಿಂದ ಗಾಡಿಗೆ ಕೈಹಚ್ಚಿದರು. ಇಳಿಜಾರಿನಲ್ಲಿ ಗಾಡಿ ತಾನಾಗಿ ನುಗ್ಗುತ್ತಿತ್ತು. ಅದನ್ನು ತಡೆದು ತಡೆದು ಹಳ್ಳದ ತನಕ ತರುವಷ್ಟರಲ್ಲಿ ಮುದುಕನ ಅಂಗಿ ಹೆಗಲ ಮೇಲೆ ಹರಿದು ರಕ್ತ ಬಂದಿತ್ತು. ಆಚೆಯ ದಂಡೆಯ ಮೇಲೆ ತೆಗ್ಗಿನಹಾಳದವರು ಕವಣೆಗೆ ಕಲ್ಲು ಹೂಡಿ ನಿಂತಿದ್ದರು. ಮೊದಲ ಕಲ್ಲು ಗಾಡಿಯ ಮುಂದೆ ಬಿತ್ತು, ಎರಡನೆಯದು ಪೀಪಾಯಿಗೆ ತಾಕಿ ದೊಡ್ಡ ಸದ್ದಾಯಿತು. ಹಿಂದೆ ತಳ್ಳುತ್ತಿದ್ದವರು ಗಾಡಿಯ ಮರೆಗೆ ಕುಳಿತರು. ಫಕೀರವ್ವ ಕುಳಿತುಕೊಳ್ಳಲಿಲ್ಲ, ಕುಳಿತರೆ ಮತ್ತೆ ಏಳಲಾರೆನೆಂದು ಅವಳಿಗೆ ಗೊತ್ತಿತ್ತು. ಸಾಹೇಬನೂ ನಿಂತೇ ಇದ್ದ. ಅವರ ಜೊತೆ ಮಾತಾಡಲು ಅವನಿಗೆ ಅವರ ಭಾಷೆ ಬಾರದು, ಯೋನಪ್ಪ ಗುಡ್ಡದ ಮೇಲೆ ಉಳಿದಿದ್ದ. ಬೇರೆಯವರ ನೆಲಕ್ಕೆ ಕಾಲಿಡುವಾಗ ತನ್ನ ಹಿರಿಯರು ಏನು ಹೇಳುತ್ತಿದ್ದರೋ ಅದನ್ನೇ, ‘ಗಾಡ್ ಬಿ ಹಿಯರ್’ ಎಂದು ಅವನು ಹೇಳಿದ. ಒಂದು ಸಲವಲ್ಲ, ಮತ್ತೆ ಮತ್ತೆ, ಎದೆತುಂಬ ಉಸಿರೆಳೆದು ಹಳ್ಳದುದ್ದಕ್ಕೂ ಕೇಳುವಂತೆ ಕೂಗಿದ.

ತೆಗ್ಗಿನಹಾಳ ಕುರುಬರೇ ಹೆಚ್ಚಿರುವ ಊರು. ನೊಗ ಹೊತ್ತು ನಿಂತ ಬಿಳಿಯ ಮುದುಕನ ಬಾಯಿಂದ ಅವರು ಕೇಳಿದ್ದು ತಮ್ಮ ದೇವರ ಹೆಸರನ್ನು. ಮೊದಲಿನ ಅರ್ಧ ಯಾರಿಗೂ ತಿಳಿಯಲಿಲ್ಲ, ಕೊನೆಯದು ಮಾತ್ರ ಎಲ್ಲರ ಕಿವಿಗೂ ಬೀರ ಎಂದು ಬಿತ್ತು. ಅವರಲ್ಲಿ ಹಿರಿಯನಾಗಿದ್ದವನು ಕವಣೆ ಕೆಳಗಿಟ್ಟ. “ಬೀರಪ್ಪನ್ನ ಕರಿಯಾಕತ್ತಾನ,” ಎಂದ. “ಎತ್ತಿನ ಜಾಗಾದಾಗ ನಿಂತು ಕರಿಯಾಕತ್ತಾನ. ಕಲ್ಲು ಒಗೀಬ್ಯಾಡ್ರಿ.” ಫಕೀರವ್ವನಿಗೆ ಸಾಹೇಬ ಹೇಳಿದ್ದೂ ಗೊತ್ತಿತ್ತು, ಅವರು ಕೇಳಿಸಿಕೊಂಡದ್ದೂ ತಿಳಿಯಿತು. ಅವಳು ತಿದ್ದಲಿಲ್ಲ. ಎರಡರಲ್ಲಿ ತಪ್ಪು ಯಾವುದೆಂದು ಅವಳಿಗೆ ಅನಿಸಲೂ ಇಲ್ಲ. ಆ ಹಿರಿಯ ಇವರನ್ನೆಲ್ಲ ಗಾಡಿ ಬಿಟ್ಟು ದೂರ ನಿಲ್ಲಲು ಹೇಳಿ, ತನ್ನವರ ಕೈಯಿಂದಲೇ ಬಾವಿಯ ನೀರು ಸೇದಿಸಿ, ಪೀಪಾಯಿ ತುಂಬಿಸಿ, ತಾವು ಹಿಂದೆ ಸರಿದ ಮೇಲೆ ಒಯ್ಯಿರಿ ಎಂದ. ಎತ್ತು ಕೊಡಲು ಅವರಿಗೆ ಧೈರ್ಯ ಬರಲಿಲ್ಲ. ಆದರೆ ದಿನವೂ ಈ ಹೊತ್ತಿಗೆ ಬಂದರೆ ದಿನವೂ ತುಂಬಿಕೊಡುತ್ತೇವೆ ಎಂದರು.

ಏರುವ ದಾರಿ ಇಳಿದ ದಾರಿಯಂತಲ್ಲ. ತುಂಬಿದ ಪೀಪಾಯಿಯ ಭಾರಕ್ಕೆ ಗಾಲಿಗಳು ಕೆಂಪು ಮಣ್ಣಿನಲ್ಲಿ ಹೂತುಹೋಗುತ್ತಿದ್ದವು. ನೀರು ಎದುರಿಗೇ ಇದ್ದರೂ ಕುಡಿಯಲು ಯಾರೂ ನಿಲ್ಲಲಿಲ್ಲ, ನಿಂತರೆ ಗಾಡಿ ಹಿಂದಕ್ಕೆ ಉರುಳುತ್ತಿತ್ತು. ಫಕೀರವ್ವ ಒಂದೊಂದು ಹೆಜ್ಜೆಗೂ ಮಗಳಿಗೆ ತಡೆ, ಬಂದೆ, ತಡೆ, ಬಂದೆ ಎಂದು ಮನಸ್ಸಿನಲ್ಲಿಯೇ ಹೇಳುತ್ತಿದ್ದಳು. ಬಾಗಿಲ ಹತ್ತಿರ ಬಂದಾಗ ಯೋನಪ್ಪ ಎದುರಿಗೆ ಬಂದು ನಿಂತಿದ್ದ. ಕೂಸಿನ ಹತ್ತಿರ ಇರಬೇಕಾದವನು ಬಾಗಿಲಿಗೆ ಬಂದದ್ದನ್ನು ನೋಡಿಯೇ ಅವಳಿಗೆ ತಿಳಿಯಿತು. ನೊಗ ಇಳಿಸಿ, ಕೊಡ ತುಂಬಿಕೊಂಡು, ಗುಡಿಸಲಿಗೆ ಹೋದಳು. ಲಗಮವ್ವನ ಮೈ ಇನ್ನೂ ಬೆಚ್ಚಗಿತ್ತು. ಅವಳ ಬಾಯಿಗೆ ನೀರು ಬಿಟ್ಟಳು, ಅದು ಕಟವಾಯಿಯಿಂದ ಹೊರಗೆ ಹರಿಯಿತು. ಮತ್ತೆ ಬಿಟ್ಟಳು. ಆಮೇಲೆ ಕೂಸಿನ ಮುಖ ತೊಳೆದು, ಕೂದಲು ಹಿಂದಕ್ಕೆ ಸರಿಸಿ, ಕಂಬಳಿ ಮುಚ್ಚಿದಳು.

ಅವಳು ಅತ್ತಿದ್ದನ್ನು ಯಾರೂ ನೋಡಲಿಲ್ಲ ಎನ್ನುತ್ತಾರೆ. ಕೊಡದಲ್ಲಿ ಇನ್ನೂ ನೀರಿತ್ತು. ಪಕ್ಕದ ಗುಡಿಸಲಿನಿಂದ ಯಾರೋ ನರಳುವುದು ಕೇಳುತ್ತಿತ್ತು. ಅವಳು ಕೊಡವನ್ನು ಟೊಂಕದ ಮೇಲೆ ಎತ್ತಿಕೊಂಡು ಆ ಗುಡಿಸಲ ಬಾಗಿಲಿಗೆ ಹೋಗಿ ನಿಂತಳು. ನೀರು ತಂದೆ ಎನ್ನಬೇಕಾಗಿತ್ತು. ತನ್ನ ಮಗಳಿಗೆ ಹೇಳಬೇಕಾಗಿದ್ದ ಮಾತನ್ನು ಬೇರೆಯವರಿಗೆ ಹೇಳಲು ಅವಳಿಗೆ ಮನಸ್ಸು ಬರಲಿಲ್ಲ. ಹಾಗೆಂದು ಸುಮ್ಮನೆ ಒಳಗೆ ಹೋಗಲೂ ಆಗಲಿಲ್ಲ. ಆಗ ಅವಳ ಬಾಯಿಂದ ಬಂದದ್ದು ಸಾಹೇಬನ ಮನೆತನದ ಹೆಸರು. ಅವನು ಹೇಳಿದಂತೆ ಹೇಳಲು ಅವಳ ನಾಲಗೆ ತಿರುಗದು. ‘ಗಾಡಬೀರ’ ಎಂದಳು, ಹೊಸ್ತಿಲು ದಾಟಿದಳು, ಒಳಗಿದ್ದ ಮುದುಕಿಯ ತಲೆಯೆತ್ತಿ ನೀರು ಕುಡಿಸಿದಳು. ಅಲ್ಲಿಂದ ಮುಂದಿನ ಗುಡಿಸಲು, ಅಲ್ಲಿಂದ ಇನ್ನೊಂದು. ಸಂಜೆ ಲಗಮವ್ವನನ್ನು ಬೇಲಿಯ ಒಳಗೇ ಮಣ್ಣು ಮಾಡಿದರು. ಕುಣಿ ತೋಡಿದವನು ಸಾಹೇಬ.

ಮಾರನೆಯ ದಿನ ಇಬ್ಬರೂ ಮತ್ತೆ ನೊಗಕ್ಕೆ ಹೆಗಲು ಕೊಟ್ಟರು. ಅದರ ಮರುದಿನವೂ ಕೊಟ್ಟರು. ಮುದುಕ ಈಗ ಬೇಲಿಯ ಒಳಗೇ ಮಲಗುತ್ತಿದ್ದ, ಹೆಣ ಹೊರುತ್ತಿದ್ದ. ‘ಗಾಡಬೀರ’ ಎಂಬ ದನಿ ಕೇಳಿದರೆ ನೀರು ಬಂತೆಂದು ಗುಡಿಸಲಿನವರಿಗೆ ತಿಳಿಯುತ್ತಿತ್ತು. ಕಣ್ಣು ತೆರೆಯಲಾರದವರೂ ಆ ಮಾತಿಗೆ ಬಾಯಿ ತೆರೆಯುತ್ತಿದ್ದರು. ಒಂದು ದಿನ, ಏರಿನ ಅರ್ಧದಲ್ಲಿ ಗಾಲಿಗೆ ಕಲ್ಲು ಕೊಟ್ಟು ದಣಿವಾರಿಸಿಕೊಳ್ಳುವಾಗ, ಅವನು, ಆ ದಿನ ಹಿಂದಿನಿಂದ ಗಾಡಿ ತಳ್ಳಲು ಬಂದಿದ್ದ ಯೋನಪ್ಪನ ಮೂಲಕ ಅವಳನ್ನು ಒಂದು ಮಾತು ಕೇಳಿದನಂತೆ. ನೀನು ಬಾಗಿಲಲ್ಲಿ ನಿಂತು ಕರೆಯುವುದು ನನ್ನನ್ನೋ ದೇವರನ್ನೋ ಎಂದು. ಫಕೀರವ್ವ ಹೆಗಲ ಮೇಲಿನ ಸಿಂಬಿಯನ್ನು ಸರಿಮಾಡಿಕೊಳ್ಳುತ್ತ, “ಇಬ್ಬರೊಳಗ ಯಾರು ಬಂದ್ರೂ ಆತು,” ಎಂದಳು. ಮುದುಕ ನಕ್ಕ. ಆ ಹೆಸರಿನ ಸಲುವಾಗಿ ಅವನು ತಾನೇ ನಕ್ಕದ್ದು ಅದೊಂದು ಸಲ ಎಂದು ಯೋನಪ್ಪ ಮುಂದೆ ಹೇಳುತ್ತಿದ್ದನಂತೆ.

ಬಿಸಿಲು ಬಲಿತಂತೆ ರೋಗ ಇಳಿಯತೊಡಗಿತು. ಹೊಸ ಗಡ್ಡೆಗಳು ಕಾಣಿಸಿಕೊಳ್ಳುವುದು ಕಡಿಮೆಯಾಯಿತು. ಇನ್ನೇನು ಬದುಕಿದೆವು ಎಂದು ಜನ ಅಂದುಕೊಳ್ಳುವಾಗ ಮುದುಕ ನೊಗದ ಕೆಳಗೆ ಕುಸಿದ. ಅವನ ತೊಡೆಸಂದಿಯಲ್ಲಿ ಗಡ್ಡೆ ಎದ್ದಿತ್ತು. ಎಷ್ಟು ದಿನಗಳಿಂದ ಅದನ್ನು ಮುಚ್ಚಿಟ್ಟುಕೊಂಡು ಗಾಡಿ ಎಳೆದಿದ್ದನೋ ಯಾರಿಗೂ ತಿಳಿಯದು. ಬಾಗಿಲ ಹತ್ತಿರದ ಗುಡಿಸಲಿನಲ್ಲಿ ಮಲಗಿಸಿದರು. ಅಂದು ಫಕೀರವ್ವ ಬೇರೆ ಯಾರನ್ನೋ ಜೊತೆಗೆ ಕಟ್ಟಿಕೊಂಡು ನೀರು ತಂದಳು. ಕೊಡ ಹಿಡಿದು ಅವನ ಬಾಗಿಲಲ್ಲಿ ನಿಂತು, ಎಲ್ಲರ ಬಾಗಿಲಲ್ಲಿ ಹೇಳುವುದನ್ನೇ ಹೇಳಿ, ಒಳಗೆ ಹೋದಳು. ಅವನಿಗೆ ತನ್ನ ಊರಿನಲ್ಲಿ ಯಾರೋ ಹೊಸ್ತಿಲಲ್ಲಿ ನಿಂತು ಕರೆದಂತೆ ಅನಿಸಿರಬೇಕು, ತನ್ನ ಮಾತಿನಲ್ಲಿಯೇ ಬನ್ನಿ ಬನ್ನಿ ಎಂದನಂತೆ. ನೀರು ಕುಡಿದ. ಹೊತ್ತು ಮುಳುಗುವ ಮುಂಚೆ ಪ್ರಾಣ ಹೋಯಿತು. ಅವನ ಜನರ ಗೋರಿಯ ನೆಲಕ್ಕೆ ಒಯ್ಯಲು ಗಾಡಿಗೆ ಎತ್ತಿರಲಿಲ್ಲ. ಲಗಮವ್ವನ ಮಗ್ಗುಲಲ್ಲಿಯೇ ಕುಣಿ ತೆಗೆದರು. ಯೋನಪ್ಪ ತನಗೆ ಬಂದಷ್ಟು ಪ್ರಾರ್ಥನೆ ಹೇಳಿದ. ಫಕೀರವ್ವ ಲಗಮವ್ವ ಮಲಗಿದ್ದ ಕಂಬಳಿಯನ್ನು ತಂದು ಅವನಿಗೆ ಹೊದಿಸಿದಳು.

ಕೆಲವು ದಿನಗಳ ಮೇಲೆ ಬೇರೆ ಡಾಕ್ಟರು ಬಂದರು. ಬೇಲಿ ಕಿತ್ತಿಸಿ, ಗುಡಿಸಲುಗಳಿಗೆ ಬೆಂಕಿ ಇಡಿಸಿ, ಬದುಕಿದವರನ್ನು ಊರಿಗೆ ಕಳಿಸಿದರು. ಫಕೀರವ್ವ ಇಳಿಯಲಿಲ್ಲ. ಸುಟ್ಟ ದಂಟುಗಳ ನಡುವೆ ಒಂದು ಗುಡಿಸಲನ್ನು ಮಾತ್ರ ಉಳಿಸಿಕೊಂಡು, ಎರಡು ಮಣ್ಣುಗುಪ್ಪೆಗಳ ಹತ್ತಿರ ಕುಳಿತುಬಿಟ್ಟಳು. ಊರವರು ಬಂದು ಕರೆದರೂ ಏಳುತ್ತಿರಲಿಲ್ಲ. ಮೊದಲ ಮಳೆಗೆ ಹಾಲಪ್ಪ ಹೊಳೆ ದಾಟಿ ಕುರಿ ಹೊಡೆದುಕೊಂಡು ಬಂದ. ಊರ ಮುಂದೆಯೇ ಅವನಿಗೆ ಎಲ್ಲವೂ ತಿಳಿಯಿತು. ಕುರಿಗಳನ್ನು ಹೊಲದಲ್ಲಿಯೇ ಬಿಟ್ಟು ಗುಡ್ಡ ಹತ್ತಿದ. ಗುಡಿಸಲ ಮುಂದೆ ಬಂದು ಹೆಂಡತಿಯ ಹೆಸರು ಹಿಡಿದು ಕರೆದ, ಮಗಳ ಹೆಸರನ್ನೂ ಕರೆದ. ಬಗ್ಗಿ ಒಳಗೆ ಕಾಲಿಡಲು ಹೋದಾಗ ಅವಳು ಕೈಯೆತ್ತಿ ತಡೆದಳು. ಇಲ್ಲಿ ಒಳಗೆ ಬರುವವರು ಒಂದು ಮಾತು ಹೇಳಿ ಬರಬೇಕು ಎಂದಳು. ಅದೇನೆಂದು ಕೇಳಿದ, ಹೇಳಿಕೊಟ್ಟಳು. ಹೊಸ್ತಿಲಲ್ಲಿ ನಿಂತು, ಅರ್ಥ ತಿಳಿಯದೆಯೇ, ಗಂಡಸು ಆ ಮಾತನ್ನು ಹೇಳಿದ. ಆಗ ಅವಳು ಅತ್ತಳು. ಇಷ್ಟು ದಿನ ಬಾರದಿದ್ದ ಅಳು ಬಂದದ್ದನ್ನು ಕೆಳಗಿನ ಹೊಲದಲ್ಲಿದ್ದವರು ಕೇಳಿ, ಉಳುಮೆ ನಿಲ್ಲಿಸಿ ಗುಡ್ಡದ ಕಡೆ ನೋಡಿದರಂತೆ.

ಅವರಿಬ್ಬರೂ ಮತ್ತೆ ಊರೊಳಗೆ ಮನೆ ಮಾಡಲಿಲ್ಲ. ಗುಡ್ಡದ ಬುಡದಲ್ಲಿಯೇ ಕುರಿ ಹಟ್ಟಿ ಕಟ್ಟಿಕೊಂಡರು. ಹಾಲಪ್ಪನ ತಮ್ಮನ ಮಕ್ಕಳ ವಂಶದವರೇ ಈಗಲೂ ಅಲ್ಲಿ ಪೂಜಾರಿಗಳು. ಬೀರಪ್ಪನ ಗುಡಿ ಕಟ್ಟಿಸಿದ್ದು ತೆಗ್ಗಿನಹಾಳದವರು. ಕವಣೆ ಬೀಸಿದ ಕೈಗಳಿಗೆ ಸಮಾಧಾನವಾಗಲೆಂದು ಕಟ್ಟಿಸಿದರು ಎನ್ನುವವರಿದ್ದಾರೆ. ಇಂಗ್ಲಿಷ್ ಬಲ್ಲ ಯೋನಪ್ಪ ಬದುಕಿರುವವರೆಗೆ, ಆ ಮಾತಿನ ಮೂಲ ಕೇಳಿದವರಿಗೆಲ್ಲ ಸಾಹೇಬ ಹೇಳಿದ್ದನ್ನು ಹೇಳುತ್ತಿದ್ದ. ಹೊಸ್ತಿಲ ಮಾತೊಂದು ಯಾವುದೋ ದೇಶದಲ್ಲಿ ಮನೆತನದ ಹೆಸರಾಗಿ, ಇಲ್ಲಿಗೆ ಬಂದು ಮತ್ತೆ ಹೊಸ್ತಿಲ ಮಾತೇ ಆಯಿತು ಎನ್ನುತ್ತಿದ್ದ. ತೆಗ್ಗಿನಹಾಳದವರು ಮಾತ್ರ ಅದು ಬೀರಪ್ಪನ ಹೆಸರೇ ಎಂದು ಇಂದಿಗೂ ವಾದಿಸುತ್ತಾರೆ.

ಇಂದು ಗುಡ್ಡ ಹತ್ತುವವರಿಗೆ ಅರ್ಧ ದಾರಿಯಲ್ಲಿ, ಬಲಗಡೆಗೆ, ಕಲ್ಲು ಜೋಡಿಸಿದ ಎರಡು ಗದ್ದುಗೆಗಳು ಕಾಣುತ್ತವೆ. ಒಂದು ಉದ್ದನೆಯದು, ಒಂದು ಗಿಡ್ಡ. ಅವುಗಳ ಮೇಲೆ ಅಕ್ಷರವಿಲ್ಲ, ಶಿಲುಬೆಯಿಲ್ಲ, ಲಿಂಗವಿಲ್ಲ. ಹೂವು ಕಾಯಿ ಏರಿಸುವ ರೂಢಿಯೂ ಇಲ್ಲ. ಬೇಸಿಗೆಯಲ್ಲಿ ಇಡೀ ಗುಡ್ಡ ಸುಟ್ಟಂತಾಗಿರುವಾಗಲೂ ಅಲ್ಲಿ ಒಂದು ಹಾಸಿಗೆಯಷ್ಟು ಅಗಲಕ್ಕೆ ಗರಿಕೆ ಹಸಿರಾಗಿರುತ್ತದೆ. ಪೂಜಾರಿಯ ಮನೆಯ ಹೆಣ್ಣುಮಗಳು ದಿನವೂ ತೆಗ್ಗಿನಹಾಳದ ಬಾವಿಯಿಂದ ಕೊಡ ಹೊತ್ತು ಬಂದು, ‘ಗಾಡಬೀರ’ ಎಂದು ಹೇಳಿ, ಅಲ್ಲಿ ನೀರು ಎರೆಯುತ್ತಾಳೆ. ದೊಡ್ಡವರಿಗೆ ಮೊದಲು ಎರೆಯುವುದು ಲೋಕದ ವಾಡಿಕೆಯಾದರೂ, ಅವಳು ಗಿಡ್ಡ ಗದ್ದುಗೆಗೇ ಮೊದಲು ಎರೆಯುತ್ತಾಳೆ. ಯಾಕೆಂದು ಕೇಳಿದವರಿಗೆ, ಆ ದಿನ ಇವಳಿಗೆ ನೀರು ತಡವಾಗಿತ್ತು ಎನ್ನುತ್ತಾಳೆ.